ಹುಲ್ಲುಗಾವಲಿನ ಹೂ ಗುರುತಿಸಲು ಯಾವುದನ್ನು ನಂಬಬಹುದು: ಆ್ಯಪೋ, ಪುಸ್ತಕವೋ, ಕುರಿ ಕಾಯುವ ಅಜ್ಜನೋ?

ಅರಸೀಕೆರೆ ಸೀಮೆಯ ನಮ್ಮ ಮೇವಿನ ಜಮೀನಿನಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಹುಲ್ಲಿನ ನಡುವೆಲ್ಲ ಹೂ. ಯಾವುದು ಈ ನೆಲದ್ದು, ಯಾವುದು ಹೊರಗಿನಿಂದ ಬಂದದ್ದು ಎಂದು ತಿಳಿಯದೆ ಕಳೆ ಕೀಳಿಸಿದರೆ ಕಾಂಗ್ರೆಸ್ ಗಿಡದ ಜೊತೆ ವಿಷ್ಣುಕ್ರಾಂತಿಯೂ ಹೋಗುತ್ತದೆ. ಅದಕ್ಕಾಗಿ ಕೈಗೆ ಸಿಕ್ಕ ದಾರಿಗಳನ್ನೆಲ್ಲ ಒಂದೇ ಗಿಡಗಳ ಮೇಲೆ ಪರೀಕ್ಷಿಸಿ ನೋಡಿದೆ.

ಲಂಟಾನ, ಟ್ರೈಡಾಕ್ಸ್, ತಂಗಡಿಯನ್ನು ಎಲ್ಲವೂ ಸರಿಯಾಗಿಯೇ ಹೇಳುತ್ತವೆ. ವ್ಯತ್ಯಾಸ ಗೊತ್ತಾಗುವುದು ಉಗುರಿನಷ್ಟು ಹೂಗಳಲ್ಲಿ. ಮಳೆ ನಿಂತ ಮೇಲೆ ಬರುವ ಮೂರೆಸಳಿನ ನೀಲಿ, ನೇರಳೆ ಹೂಗಳನ್ನೇ ನೋಡಿ. ಕನ್ನೆ ಸೊಪ್ಪಿನ ಕುಲವಾದ ಕಾಮೆಲಿನಾದಲ್ಲಿ ಹೂ ಮಡಿಸಿದ ದೋಣಿಯಂಥ ಎಲೆಯೊಳಗಿಂದ ಹೊರಬರುತ್ತದೆ. ಅದರದೇ ಬಳಗದ ಇನ್ನೊಂದು ಕುಲ ಮುರ್ಡಾನಿಯಾಕ್ಕೆ ಆ ದೋಣಿ ಇಲ್ಲ. ಅದರಲ್ಲಿ ಫಲವತ್ತಾದ ಕೇಸರ (ಪರಾಗ ಹೊರುವ ಗಂಡು ಭಾಗ) ಎರಡೋ ಮೂರೋ, ಉಳಿದವು ಬರಡು. ಮೂರನೆಯ ಕುಲ ಸಯನೋಟಿಸ್‌ನಲ್ಲಿ ಆರೂ ಕೇಸರ ಫಲವತ್ತಾದವು, ಅವುಗಳ ಕಡ್ಡಿಗೆ ಗಡ್ಡದಂತೆ ಕೂದಲು. ಮೇಲಿನಿಂದ ತೆಗೆದ ಒಂದು ಫೋಟೊದಲ್ಲಿ ಇದೆಲ್ಲ ಎಲ್ಲಿ ಕಾಣಬೇಕು?

ಫೋನಿನ ಸಾಮಾನ್ಯ ಚಿತ್ರಹುಡುಕಾಟ ಇಲ್ಲಿ ಸೋಲುತ್ತದೆ. ಹೋಲುವ ಚಿತ್ರ ತೋರಿಸುವುದೇ ಅದರ ಕೆಲಸ. ಗಿಡ ಎಲ್ಲಿ ಬೆಳೆದಿದೆ ಎಂಬುದು ಅದಕ್ಕೆ ಮುಖ್ಯವಲ್ಲ. ಗಿಡ ಗುರುತಿಸಲೆಂದೇ ಇರುವ ಪ್ಲಾಂಟ್‌ನೆಟ್ ಆ್ಯಪ್ ಇದಕ್ಕಿಂತ ಎಷ್ಟೋ ಮೇಲು: ಎಲೆ, ಹೂ, ಕಾಯಿ, ತೊಗಟೆ ಎಂದು ಬೇರೆಬೇರೆ ಚಿತ್ರ ಕೊಡಬಹುದು. ಹೂವಿಲ್ಲದ ಪೊದೆಗಳಿಗೆ ನಾನು ಅದನ್ನೇ ತೆರೆಯುತ್ತೇನೆ.

ಆದರೂ ನನ್ನ ಮೊದಲ ಆಯ್ಕೆ ಗಿಡ, ಪ್ರಾಣಿಗಳ ಫೋಟೊ ಹಾಕಿ ಹೆಸರು ಕೇಳುವ ಐನ್ಯಾಚುರಲಿಸ್ಟ್ ಆ್ಯಪ್. ಯಂತ್ರ ಹೆಸರು ಸೂಚಿಸಿದ ಮೇಲೆ ಮನುಷ್ಯರು ನೋಡುತ್ತಾರೆ, ತಿದ್ದುತ್ತಾರೆ, ಕಾರಣವನ್ನೂ ಬರೆಯುತ್ತಾರೆ. ಸ್ಥಳ ಮತ್ತು ದಿನಾಂಕ ಜೊತೆಗೇ ಉಳಿಯುವುದರಿಂದ ಜಮೀನಿನದೇ ಒಂದು ದಾಖಲೆ ತಾನಾಗಿ ಬೆಳೆಯುತ್ತದೆ. ಉತ್ತರಕ್ಕೆ ಕಾಯಬೇಕು, ಅಷ್ಟೆ. ಸಿಗ್ನಲ್ ಇಲ್ಲದ ಕಡೆ ಅದರದೇ ಸೀಕ್ ಆ್ಯಪ್ ನಡೆಯುತ್ತದೆ.

ಪುಸ್ತಕದ ವಿಷಯದಲ್ಲಿ ಹಾಸನದವರು ಪುಣ್ಯವಂತರು. ಸಲ್ಡಾನ ಮತ್ತು ನಿಕೋಲ್ಸನ್ ಸಂಪಾದಿಸಿದ 'ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್' 1976ರಲ್ಲೇ ಬಂತು. ಇಂಗ್ಲಿಷ್‌ನಲ್ಲಿದೆ, ಪರಿಭಾಷೆ ಕಷ್ಟ, ಕೆಲವು ಹೆಸರು ಈಗ ಬದಲಾಗಿವೆ. ಅಂದಿನ ಕ್ಯಾಸಿಯಾ ಆರಿಕ್ಯುಲೇಟಾ, ಅಂದರೆ ತಂಗಡಿ, ಇಂದು ಸೆನ್ನಾ. ಆದರೆ ಕೇಸರ ಎಣಿಸಿ, ಕೂದಲು ನೋಡಿ ತೀರ್ಮಾನಿಸಲು ಕಲಿಸುವುದು ಇದೊಂದೇ. ಹತ್ತು ಪಟ್ಟು ದೊಡ್ಡದು ಮಾಡುವ ಮಸೂರ ಕೈಲಿದ್ದರೆ ಕೇಸರದ ಕೂದಲು ಹೊಲದಲ್ಲೇ ಕಾಣುತ್ತದೆ.

ಕುರಿ ಕಾಯುವ ಅಜ್ಜನ ಜ್ಞಾನವೇ ಬೇರೆ. ಒಂದೇ ಹೆಸರಲ್ಲಿ ನಾಲ್ಕು ಗಿಡ ಕರೆಯುತ್ತಾರೆ ನಿಜ, ಆದರೆ ಯಾವ ಸೊಪ್ಪಿಗೆ ಕುರಿ ಬಾಯಿ ಹಾಕುವುದಿಲ್ಲ ಎಂಬುದನ್ನು ಆ್ಯಪ್ ಹೇಳಲಾರದು. "ಗೌರಿ ಹೂವಿನ ಗೆಡ್ಡೆ ಅಗೀಬ್ಯಾಡಿ ಸ್ವಾಮಿ, ಇಸ" ಎಂದದ್ದು ಅವರೇ. ಅದರಲ್ಲಿರುವುದು ಕಾಲ್ಚಿಸಿನ್ ಎಂಬ ವಿಷ, ದನಕ್ಕೂ ಮನುಷ್ಯನಿಗೂ ಮಾರಕ.

ಹೊಸದಾಗಿ ಶುರುಮಾಡುವವರು ಐನ್ಯಾಚುರಲಿಸ್ಟ್ ಹಾಕಿಕೊಳ್ಳಿ. ವಿಷ್ಣುಕ್ರಾಂತಿ ಮಧ್ಯಾಹ್ನದ ಹೊತ್ತಿಗೆ ಮುದುಡುವುದರಿಂದ ಬೆಳಿಗ್ಗೆಯೇ ಹೋಗಿ. ಹೂವಿನ ಮುಂಭಾಗ, ಪಕ್ಕ, ಎಲೆಯ ಅಡಿ, ಕಾಯಿ ಇದ್ದರೆ ಕಾಯಿ, ಕೊನೆಗೆ ಇಡೀ ಗಿಡ, ಎಲ್ಲದರ ಫೋಟೊ ಬೇಕು. ತುಂಬೆ ಜಾತಿಯವಾದರೆ ಪುಷ್ಪಪಾತ್ರೆಯ (ಹೂವಿನ ಬುಡದ ಹಸಿರು ಬಟ್ಟಲಿನ) ಬಾಯಿ ಓರೆಯೋ ನೇರವೋ ಕಾಣುವಂತೆ ಇನ್ನೊಂದು ತೆಗೆಯಿರಿ. ಅದಿಲ್ಲದೆ ಯಾರೂ ಖಚಿತವಾಗಿ ಹೇಳಲಾರರು.