ಹಸಿರು ಮುಖ ಎರಡು, ಬಾಡಿಗೆ ಮೂರು

ಮೊದಲೇ ಹೇಳಿಬಿಡುತ್ತೇನೆ, ಮನೆಯ ಟಿವಿಯಲ್ಲಿ ಬಾಡಿಗೆ ಕಟ್ಟಿ ನೋಡಿದ ಮೂರು ಹಾಸ್ಯ ಚಿತ್ರಗಳಲ್ಲಿ ನನ್ನ ಓಟು ಜಿಮ್ ಕ್ಯಾರಿ ನಟಿಸಿದ 1994ರ ‘ದಿ ಮಾಸ್ಕ್’ಗೆ. ಉಳಿದೆರಡು ಚಿತ್ರಗಳ ಬಗ್ಗೆ ನಾನು ನ್ಯಾಯವಾಗಿ ಬರೆಯುತ್ತೇನೆ ಅಂತ ಯಾರೂ ನಂಬಬೇಡಿ. ಅದರಲ್ಲೊಂದು ನನ್ನ 120 ರೂಪಾಯಿ ನುಂಗಿದೆ.

ಆಗಿದ್ದಿಷ್ಟು. ಹಾಸ್ಟೆಲಿನ ಟಿವಿ ರೂಮಿನಲ್ಲಿ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ ಸಿನಿಮಾ ಅದು. ಮಕ್ಕಳಿಗೆ ತೋರಿಸಬೇಕು ಅಂತ ಬಹಳ ದಿನದ ಆಸೆ. ಒಂದು ಶನಿವಾರ ಸಂಜೆ ರಿಮೋಟ್ ಮಗನ ಕೈಗೆ ಕೊಟ್ಟು ‘ಮಾಸ್ಕ್ ಅಂತ ಹುಡುಕು’ ಅಂದೆ. ರಿಮೋಟಿನಲ್ಲಿ ಒಂದೊಂದೇ ಅಕ್ಷರ ಒತ್ತುವುದು ಎಂಥ ಶಿಕ್ಷೆ ಅಂತ ಗೊತ್ತಲ್ಲ. ಹಸಿರು ಮುಖದ ಪೋಸ್ಟರ್ ಕಂಡ ತಕ್ಷಣ ‘ಅದೇ ಅದೇ, ಒತ್ತು’ ಅಂದುಬಿಟ್ಟೆ. ಒಟಿಪಿ ಬಂತು, ದುಡ್ಡು ಹೋಯಿತು, ಸಿನಿಮಾ ಶುರುವಾಯಿತು.

ಮೊದಲ ಹತ್ತು ನಿಮಿಷ ನನಗೆ ಅನುಮಾನವೂ ಬರಲಿಲ್ಲ. ಯಾಕೆಂದರೆ ಹಳೆಯ ಚಿತ್ರದಲ್ಲಿದ್ದ ಡಾಕ್ಟರ್ ನ್ಯೂಮನ್ ಇಲ್ಲೂ ಕಾಣಿಸಿಕೊಂಡರು, ಎಡ್ಜ್ ಸಿಟಿ ಅಂತ ಅದೇ ಊರಿನ ಹೆಸರೂ ಕೇಳಿಸಿತು. ‘ಮರೆತುಹೋಗಿದೆ, ಹೀಗೇ ಇತ್ತೇನೋ’ ಅಂದುಕೊಂಡೆ. ಜಿಮ್ ಕ್ಯಾರಿ ಬರುತ್ತಾನೆ, ಈಗ ಬರುತ್ತಾನೆ ಅಂತ ಕಾಯುತ್ತಿದ್ದರೆ ಜೇಮಿ ಕೆನಡಿ ಬಂದ. ಅದು 2005ರಲ್ಲಿ ಬಂದ ಮುಂದುವರಿಕೆ, ‘ಸನ್ ಆಫ್ ದಿ ಮಾಸ್ಕ್’. ಒಮ್ಮೆ ಶುರು ಮಾಡಿದರೆ ನೋಡಿ ಮುಗಿಸಲು 48 ಗಂಟೆ ಗಡುವು, ದುಡ್ಡು ವಾಪಸ್ ಇಲ್ಲ. ‘ಕೊಟ್ಟಾಯ್ತಲ್ಲ, ನೋಡೇ ಬಿಡೋಣ’ ಅಂದರು ನಮ್ಮ ಯಜಮಾನರು. ಕೊಟ್ಟ ದುಡ್ಡಿಗೆ ಹಳಸಿದ ಉಪ್ಪಿಟ್ಟನ್ನೂ ತಿಂದು ಮುಗಿಸುವ ಜಾತಿ ನಮ್ಮದು, ನೋಡಿದೆವು.

ಮುಂದಿನ ಎರಡು ಶನಿವಾರ ಕ್ರಮವಾಗಿ ನಿಜವಾದ ‘ದಿ ಮಾಸ್ಕ್’, ಮತ್ತು ಯಜಮಾನರ ಆಯ್ಕೆಯ ‘ದಿ ನಟ್ಟಿ ಪ್ರೊಫೆಸರ್’. ಎಡ್ಡಿ ಮರ್ಫಿಯದ್ದು, 1996ರದ್ದು. ಜೆರ್ರಿ ಲೂಯಿಸ್ 1963ರಲ್ಲಿ ಮಾಡಿದ್ದ ಚಿತ್ರವನ್ನು ಹೊಸದಾಗಿ ಮಾಡಿದ್ದು. ಅದರಲ್ಲಿ ‘ದಿ ಮಾಸ್ಕ್’ನ ಹಾಗೆ ಮಾಯದ ಮುಖವಾಡ ಇಲ್ಲ, ಔಷಧಿ ಇದೆ. ಆದರೆ ಬೇರು ಒಂದೇ: ಸಂಕೋಚದ ಗಂಡಸು, ಒಂದು ಮಾಯೆ, ಆಮೇಲೆ ಅವನನ್ನು ಹಿಡಿಯೋರಿಲ್ಲ.

ಮೂರನ್ನೂ ನೋಡಿದ ಮೇಲೆ ನನಗನ್ನಿಸಿದ್ದು ಒಂದೇ. ಇಂಥ ಚಿತ್ರದ ತೂಕ ಮುಖವಾಡ ಹಾಕಿದ ಮೇಲಿನ ಕುಣಿತದಲ್ಲಿಲ್ಲ, ಹಾಕುವ ಮೊದಲಿನ ಮನುಷ್ಯನಲ್ಲಿದೆ. ‘ದಿ ಮಾಸ್ಕ್’ನಲ್ಲಿ ಕ್ಯಾರಿ ಮಾಡಿದ ಸ್ಟ್ಯಾನ್ಲಿ ಇಪ್ಕಿಸ್ ಬ್ಯಾಂಕಿನ ಗುಮಾಸ್ತ. ಕಷ್ಟಪಟ್ಟು ಎರಡು ಟಿಕೆಟ್ ತಂದರೆ ಸಹೋದ್ಯೋಗಿ ಹುಡುಗಿ ಎರಡನ್ನೂ ತಾನೇ ಇಟ್ಟುಕೊಂಡು ಗೆಳತಿಯ ಜೊತೆ ಹೊರಡುತ್ತಾಳೆ. ಇವನು ಹಲ್ಲು ಕಿರಿದು ಸುಮ್ಮನಾಗುತ್ತಾನೆ. ಗ್ಯಾರೇಜಿನವರು ಬಿಲ್ಲು ಏರಿಸುತ್ತಾರೆ, ಮನೆ ಓನರಮ್ಮ ಗದರುತ್ತಾಳೆ, ಕ್ಲಬ್ಬಿನವರು ಎತ್ತಿ ಆಚೆ ಹಾಕುತ್ತಾರೆ. ನಮ್ಮ ಕಡೆ ಇಂಥವರನ್ನು ‘ಪಾಪದವನು’ ಅಂತೀವಿ, ಅರ್ಧ ಕರುಣೆ ಅರ್ಧ ತಾತ್ಸಾರದಲ್ಲಿ. ಆ ರಾತ್ರಿ ಸೇತುವೆ ಮೇಲೆ ಕಾರು ಕೆಟ್ಟು ನಿಂತಾಗ ನೀರಿನಲ್ಲಿ ಯಾರೋ ಮುಳುಗುತ್ತಿದ್ದಾರೆ ಅಂತ ಕಂಡು ಇವನು ಧುಮುಕುತ್ತಾನೆ. ಮುಳುಗುತ್ತಿದ್ದದ್ದು ಮನುಷ್ಯನಲ್ಲ, ಕಸ. ಆ ಕಸದಲ್ಲಿ ಮರದ ಮುಖವಾಡ. ಹಾಸ್ಟೆಲಿನಲ್ಲಿ ನೋಡಿದಾಗ ಇದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಮುಖವಾಡ ಅವನಿಗೆ ಸಿಗುವುದು ಗುರುತಿಲ್ಲದವರನ್ನು ಉಳಿಸಲು ಹಾರಿದ್ದಕ್ಕೆ.

ಇನ್ನೊಂದು ಸೂಕ್ಷ್ಮ. ಆ ಮುಖವಾಡ ಎಲ್ಲರಿಗೂ ಒಂದೇ ವರ ಕೊಡುವುದಿಲ್ಲ. ಸ್ಟ್ಯಾನ್ಲಿ ಮನೆಯಲ್ಲಿ ಕೂತು ಕಾರ್ಟೂನ್ ನಿರ್ದೇಶಕ ಟೆಕ್ಸ್ ಏವರಿಯ ಹಳೇ ಚಿತ್ರ ನೋಡುವವನು, ಅದಕ್ಕೇ ಹಾಕಿಕೊಂಡಾಗ ಕಾರ್ಟೂನೇ ಆಗುತ್ತಾನೆ: ಕಣ್ಣು ಗುಡ್ಡೆ ಆಚೆ ಚಿಮ್ಮುತ್ತೆ, ತೋಳದ ತಲೆ ಬರುತ್ತೆ, ಊಳಿಡುತ್ತಾನೆ. ಅದೇ ಮುಖವಾಡ ರೌಡಿ ಡೋರಿಯನ್ ಕೈಗೆ ಸಿಕ್ಕರೆ ಬರೀ ರಾಕ್ಷಸ. ‘ಸನ್ ಆಫ್ ದಿ ಮಾಸ್ಕ್’ನ ನಾಯಕನಿಗೆ ಟಿಮ್ ಏವರಿ ಅಂತ ಹೆಸರಿಟ್ಟು ಕೈ ತೊಳೆದುಕೊಂಡಿದ್ದಾರೆ. ಅವನು ಮುಖವಾಡ ಹಾಕುವುದು ಒಂದು ಪಾರ್ಟಿಗೆ. ಅಷ್ಟೇ. ಆಮೇಲಿನದ್ದೆಲ್ಲ ಶಕ್ತಿ ಪಡೆದು ಹುಟ್ಟಿದ ಕೂಸು ಮತ್ತು ಮುಖವಾಡ ಸಿಕ್ಕ ನಾಯಿಯ ಜಗಳ. ಸಂಕೋಚದ ಮನುಷ್ಯ ಎಲ್ಲಿ ಹೋದ ಅಂತ ಯಾರೂ ಕೇಳುವುದಿಲ್ಲ. ಮೊದಲ ಚಿತ್ರದ ಮೂರು ಪಟ್ಟಿಗಿಂತಲೂ ಹೆಚ್ಚು ಖರ್ಚು ಮಾಡಿದ ಚಿತ್ರ ಇದು! ಆ ವರ್ಷದ ಅತಿ ಕೆಟ್ಟ ಮುಂದುವರಿಕೆ ಅಂತ ರಾಝಿ ಪ್ರಶಸ್ತಿಯೂ ಬಂತು. ಎಡ್ಡಿ ಮರ್ಫಿ ಚಿತ್ರದ ಬಗ್ಗೆ ಆಮೇಲೆ ಬರುತ್ತೇನೆ.

ಈಗ ನನ್ನ ಮೆಚ್ಚಿನ ಚಿತ್ರದ್ದೇ ತಲೆನೋವು. ನಮ್ಮ ಮನೆಯಲ್ಲಿ ಸಿನಿಮಾ ಅಂದರೆ ಐದು ಜನ ಹಾಲಿನಲ್ಲಿ, ತಟ್ಟೆ ಕೈಯಲ್ಲಿ. ಅತ್ತೆಗೆ ಇಂಗ್ಲಿಷ್ ಬಾರದು. ಸಬ್‌ಟೈಟಲ್ ಇರುವುದೂ ಇಂಗ್ಲಿಷಿನಲ್ಲೇ. ಮಾತು ಕಮ್ಮಿ, ಒದೆತ ಜಾಸ್ತಿ ಇರುವ ಚಿತ್ರವಾದರೆ ತೊಂದರೆಯಿಲ್ಲ. ಈ ಹಸಿರು ಮುಖದವನು ಮೆಷಿನ್ ಗನ್ನಿನ ಹಾಗೆ ಮಾತಾಡುತ್ತಾನೆ, ಅದೂ ಹತ್ತು ಜನರ ದನಿಯಲ್ಲಿ. ಎರಡು ನಿಮಿಷಕ್ಕೊಮ್ಮೆ ಅತ್ತೆಯದ್ದು ‘ಏನಂದ?’ ಮಗಳು ಪಾಝ್ ಒತ್ತುವುದು, ನಾನು ಹೇಳುವುದು, ಅಷ್ಟರಲ್ಲಿ ನಗೆ ಆರಿಹೋಗುವುದು.

ಕ್ಲಬ್ಬಿನ ದೃಶ್ಯದಲ್ಲಂತೂ ಸಿಕ್ಕಿಹಾಕಿಕೊಂಡೆ. ಗುಂಡು ಹಾರುತ್ತದೆ. ಮುಖವಾಡದವನು ಗುಂಡು ಹೊಡೆದವನ ತೋಳಿನಲ್ಲೇ ಬಿದ್ದು ಸಾಯುವ ಮಾತಾಡುತ್ತಾನೆ. ಆ ಮಾತುಗಳೆಲ್ಲ ಎರವಲು: ಒಂದು ‘ದಿ ವಿಝರ್ಡ್ ಆಫ್ ಆಝ್’ನ ಚಿಕ್ಕಮ್ಮನಿಗೆ, ಒಂದು ಡಿಕನ್ಸ್ ಕಥೆಯ ಪುಟ್ಟ ಹುಡುಗನಿಗೆ, ಒಂದು ‘ಗಾನ್ ವಿತ್ ದಿ ವಿಂಡ್’ನ ಸ್ಕಾರ್ಲೆಟ್‌ಗೆ. ಕೊನೆಗೆ ಎಲ್ಲಿಂದಲೋ ಪ್ರಶಸ್ತಿ ಬರುತ್ತದೆ, ಚಪ್ಪಾಳೆ ಬೀಳುತ್ತದೆ. ಹಾಲಿವುಡ್ ತನ್ನನ್ನೇ ಆಡಿಕೊಳ್ಳುವ ದೃಶ್ಯ. ಇದನ್ನು ಮುದ್ದೆ ಮುರಿಯುತ್ತಿರುವ ಅತ್ತೆಗೆ ಹೇಗೆ ಹೇಳುವುದು?

‘ಸತ್ತನಾ?’

‘ಇಲ್ಲ ಅತ್ತೆ, ಸತ್ತ ಹಾಗೆ ನಾಟಕ.’

‘ಮತ್ತೆ ಬಹುಮಾನ ಯಾತಕ್ಕೆ?’

‘ಚೆನ್ನಾಗಿ ಸತ್ತಿದ್ದಕ್ಕೆ.’

ಅತ್ತೆ ನನ್ನನ್ನು ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ. ಉಳಿಸಿದ್ದು ಮಗಳು. ‘ಅಜ್ಜಿ, ಊರಲ್ಲಿ ಕುರುಕ್ಷೇತ್ರ ನಾಟಕ ಆಡ್ತಾರಲ್ಲ, ದುರ್ಯೋಧನ ತೊಡೆ ಮುರ್ಕೊಂಡು ಸಾಯೋವಾಗ್ಲೂ ಉದ್ದಕ್ಕೆ ಹಾಡ್ತಾನಲ್ಲ? ಜನ ಒನ್ಸ್ ಮೋರ್ ಅಂದ್ರೆ ಎದ್ದು ಇನ್ನೊಂದ್ಸಲ ಹಾಡ್ತಾನಲ್ಲ? ಅದೇ ಇದು.’ ಅತ್ತೆ ಕೈ ತೊಳೆಯುವುದನ್ನೂ ಮರೆತು ನಕ್ಕರು. ‘ಹಿಂದಕ್ಕೆ ಹಾಕು, ಇನ್ನೊಂದ್ಸಲ ನೋಡ್ತೀನಿ’ ಅಂದರು. ಒನ್ಸ್ ಮೋರೇ ಆಯಿತು.

ಆದರೂ ಲೆಕ್ಕ ಲೆಕ್ಕವೇ. 101 ನಿಮಿಷದ ಸಿನಿಮಾ ನಮ್ಮ ಮನೆಯಲ್ಲಿ ಎರಡೂವರೆ ಗಂಟೆ ಓಡಿತು. ಇಂಗ್ಲಿಷ್ ತಿಳಿಯದ ಹಿರಿಯರ ಜೊತೆ ನೋಡುವುದಾದರೆ ಒಬ್ಬ ಅರ್ಥಧಾರಿಯನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಸಂಬಳ ಐಸ್‌ಕ್ರೀಮ್ ರೂಪದಲ್ಲಿ ಕೊಡಬಹುದು.

‘ದಿ ಮಾಸ್ಕ್’ನ ಬಲೂನಿನ ದೃಶ್ಯದಲ್ಲಿ ಜೇಬಿನಿಂದ ಮೊದಲು ಮಕ್ಕಳಿಗೆ ವಿವರಿಸಲಾಗದ ಬೇರೇನೋ ಹೊರಬರುತ್ತದೆ. ಆಗ ನೀರು ಕುಡಿಯಲು ಏಳಿ.

ಗ್ರಾಫಿಕ್ಸ್: ಮೂವತ್ತು ವರ್ಷ ದಾಟಿದರೂ ‘ದಿ ಮಾಸ್ಕ್’ನದ್ದು ಹಳಸಿಲ್ಲ. ಫಾರೆಸ್ಟ್ ಗಂಪ್‌ಗೆ ಆಸ್ಕರ್ ಹೋದ ಆ ವರ್ಷದ ಎಫೆಕ್ಟ್ಸ್ ಪಟ್ಟಿಯಲ್ಲಿ ಇದೂ ಇತ್ತು. ಕಂಪ್ಯೂಟರ್ ಎಲ್ಲಿ ಮುಗಿಯಿತು, ಕ್ಯಾರಿಯ ಮುಖ ಎಲ್ಲಿ ಶುರುವಾಯಿತು ಅಂತ ಮಕ್ಕಳು ಪಂಥ ಕಟ್ಟಿ ಇಬ್ಬರೂ ಸೋತರು. 2005ರದ್ದರಲ್ಲಿ ಮುಖದ ಮೇಲೆ ಪ್ಲಾಸ್ಟಿಕ್ ಬಕೆಟ್ ಕವುಚಿದ ಹಾಗಿದೆ.

ನಾಯಿ: ಎರಡರಲ್ಲೂ ಇದೆ. ಸ್ಟ್ಯಾನ್ಲಿಯ ನಾಯಿ ಮೈಲೋ ಎದುರು ಇನ್ನೊಂದು ನಿಲ್ಲುವುದಿಲ್ಲ.

ಇನ್ನು ‘ನಟ್ಟಿ ಪ್ರೊಫೆಸರ್’. ನಿಜ ಒಪ್ಪಿಕೊಳ್ಳಬೇಕು, ಮೂರರಲ್ಲಿ ಎದೆಗೆ ತಾಗುವ ಸಂಕೋಚದವನು ಸ್ಟ್ಯಾನ್ಲಿ ಅಲ್ಲ, ಶರ್ಮನ್ ಕ್ಲಂಪ್. ಭಾರೀ ಮೈಯ, ಮೆದು ದನಿಯ ಪ್ರೊಫೆಸರ್. ಇಷ್ಟಪಟ್ಟವಳನ್ನು ಕರೆದುಕೊಂಡು ಕ್ಲಬ್ಬಿಗೆ ಹೋದಾಗ ವೇದಿಕೆಯ ಹಾಸ್ಯಗಾರ ಅವನ ಮೈಯನ್ನೇ ಹಿಡಿದು ಗೇಲಿ ಮಾಡುತ್ತಾನೆ, ಇಡೀ ಕ್ಲಬ್ಬು ನಗುತ್ತದೆ, ಶರ್ಮನ್ನೂ ನಗಲು ನೋಡುತ್ತಾನೆ. ನಮ್ಮ ಹಾಲಿನಲ್ಲಿ ಯಾರೂ ನಗಲಿಲ್ಲ. ಮರ್ಫಿ ಒಬ್ಬನೇ ಏಳು ಪಾತ್ರ ಮಾಡಿದ್ದಾನೆ. ರಿಕ್ ಬೇಕರ್ ತಂಡದ ಮೇಕಪ್ಪಿಗೆ ಆಸ್ಕರ್ ಬಂದಿದ್ದು ಸುಮ್ಮನೆ ಅಲ್ಲ. ಆದರೆ ಆ ಗೇಲಿಗೆ ನೊಂದುಕೊಳ್ಳಿ ಅಂದ ಚಿತ್ರ ಮರುಗಳಿಗೆಯಲ್ಲಿ ತಾನೇ ಅದೇ ಗೇಲಿ ಮಾಡುತ್ತದೆ. ಮೇಲಾಗಿ ಆ ಕುಟುಂಬದ ಊಟದ ದೃಶ್ಯ. ಮೇಜಿನ ಸುತ್ತ ಕೂತು ಎಲ್ಲರೂ ಹೂಸು ಬಿಡುವುದೇ ಹಾಸ್ಯ. ನಾವು ಆಗ ಊಟ ಮಾಡುತ್ತಿದ್ದೆವು. ಮಗ ಅನ್ನ ಬಾಯಲ್ಲಿಟ್ಟುಕೊಂಡೇ ನಕ್ಕು ಸಾರೆಲ್ಲ ಮೂಗಿಗೆ ಏರಿಸಿಕೊಂಡ. ಅತ್ತೆ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ನಡೆದರು. ಅದಕ್ಕೆ ಅನುವಾದ ಬೇಕಿರಲಿಲ್ಲ.

ಗಂಡ ಹೆಂಡತಿ ಇಬ್ಬರೇ, ಮಕ್ಕಳು ಮಲಗಿದ ಮೇಲೆ ನೋಡುವುದಾದರೆ ಬೇಕಾದರೆ ಪ್ರೊಫೆಸರನ್ನು ಹಾಕಿ. ಮನೆ ಮಂದಿಯೆಲ್ಲ ಉಣ್ಣುತ್ತಾ ನೋಡುವ ನನ್ನಂಥವಳಿಗೆ, ಇನ್ನು ಮೇಲೆ ತಿಂಗಳಿಗೆ ಒಂದೇ ಬಾಡಿಗೆ ಅಂತ ಲೆಕ್ಕ ಇಟ್ಟವಳಿಗೆ, 1994ರದ್ದೇ. ಪೋಸ್ಟರಿನಲ್ಲಿ ಜಿಮ್ ಕ್ಯಾರಿ ಹೆಸರಿದೆಯಾ ಅಂತ ನೋಡಿಕೊಂಡು ಒತ್ತಿ.

ಎಲ್ಲಕ್ಕೂ 48 ಗಂಟೆ ಗಡುವಿತ್ತು ಅಂದೆನಲ್ಲ. ‘ಸನ್ ಆಫ್ ದಿ ಮಾಸ್ಕ್’ ಅಂದು ರಾತ್ರಿಯೇ ಮುಗಿದುಹೋಯಿತು, ಆಮೇಲೆ ಅದನ್ನು ಮುಟ್ಟಿದವರಿಲ್ಲ. ಪ್ರೊಫೆಸರದ್ದೂ ಅದೇ ಗತಿ. ‘ದಿ ಮಾಸ್ಕ್’ ನೋಡಿದ ಶನಿವಾರದ ಮರುಸೋಮವಾರ ಸಂಜೆ ಮಾತ್ರ, ಗಡುವಿಗೆ ಇನ್ನು ಇಪ್ಪತ್ತು ನಿಮಿಷ ಇರುವಾಗ, ಮಗ ಹೋಮ್‌ವರ್ಕ್ ಬಿಟ್ಟು ಬಂದು ಜೈಲಿನ ದೃಶ್ಯ ಹುಡುಕುತ್ತಿದ್ದ. ಬೀಗದ ಕೈ ತಾ ಅಂದರೆ ಮೈಲೋ ಚೀಸ್ ಕಚ್ಚಿಕೊಂಡು ಬರುತ್ತದಲ್ಲ, ಅದು. ಒಳಗಿನಿಂದ ಅತ್ತೆ ಕೂಗಿದರು, ‘ಇರೋ, ಒಗ್ಗರಣೆ ಇಳಿಸಿ ಬಂದೆ.’