ಆರ್‌ಎಕ್ಸ್-7ರ ಹಳೇ ನಿಕ್ಕಿ ಕಾರ್ಬೊರೇಟರ್: ದುಡ್ಡು ಕೊಡುವ ಮುಂಚೆ ಶಾಫ್ಟ್ ಅಲ್ಲಾಡಿಸಿ

ಮಜ್ದಾ ಆರ್‌ಎಕ್ಸ್-7ರ ಮೊದಲ ತಲೆಮಾರಿನ ಕಾರುಗಳಲ್ಲಿ (1978ರಿಂದ 85) 12ಎ ರೋಟರಿ ಎಂಜಿನ್ (ಪಿಸ್ಟನ್ ಬದಲು ತ್ರಿಕೋನದ ರೋಟರ್ ತಿರುಗುವಂಥದ್ದು) ಮೇಲೆ ಕೂತು ಬರುತ್ತಿದ್ದದ್ದು ನಿಕ್ಕಿ ನಾಲ್ಕು ಬ್ಯಾರೆಲ್ ಕಾರ್ಬೊರೇಟರ್, ಅಂದರೆ ಪೆಟ್ರೋಲನ್ನು ಗಾಳಿಗೆ ಬೆರೆಸುವ, ನಾಲ್ಕು ಬಾಯಿಯ ಭಾಗ. ದಿನದ ಓಡಾಟಕ್ಕಾದರೆ ಹಳೇ ವೆಬರ್ 48 ಐಡಿಎ ಕಾರ್ಬೊರೇಟರಿಗೆ ದುಡ್ಡು ಸುರಿಯುವುದಕ್ಕಿಂತ ಬಾಡಿ ಗಟ್ಟಿಯಿರುವ ನಿಕ್ಕಿಯೇ ವಾಸಿ. ಐಡಿಎಗೆ ಎರಡೇ ದೊಡ್ಡ ಬಾಯಿ, ಚೋಕ್ ಇಲ್ಲ. ರೇಸಿಗೆ ಹುಟ್ಟಿದ್ದು, ಸಿಗ್ನಲ್‌ಗಳ ನಡುವೆ ತೊದಲುತ್ತದೆ.

ನಿಕ್ಕಿಯಲ್ಲಿ ಎರಡು ಪ್ರೈಮರಿ (ಮೊದಲು ತೆರೆಯುವ ಬಾಯಿ), ಎರಡು ಸೆಕೆಂಡರಿ (ಜೋರು ಬೇಕಾದಾಗ ತೆರೆಯುವವು). ಫ್ಲೋಟ್ ಬೌಲ್ ಎರಡು, ಪೆಟ್ರೋಲ್ ಮಟ್ಟ ನೋಡಲು ಒಂದೊಂದಕ್ಕೂ ಗಾಜಿನ ಕಿಂಡಿ. ಪಕ್ಕದಲ್ಲಿ ಸೆಕೆಂಡರಿ ತೆರೆಯುವ ವ್ಯಾಕ್ಯೂಮ್ ಡಯಾಫ್ರಾಮಿನ ಡಬ್ಬಿ. ಇಷ್ಟು ಬೇರೆ ಕಾರ್ಬೊರೇಟರ್‌ಗಳಲ್ಲೂ ಇರಬಹುದು. ರೋಟರಿಯದ್ದೇ ಎಂದು ಹೇಳುವುದು ಆಯಿಲ್ ಮೀಟರಿಂಗ್ ಪಂಪಿನ ಸಣ್ಣ ಪೈಪುಗಳು ಬಂದು ಸೇರುವ ಮೂತಿಗಳು. ಏಪೆಕ್ಸ್ ಸೀಲ್ (ರೋಟರಿನ ಮೂಲೆಯ ಪಟ್ಟಿ) ಸವೆಯಬಾರದೆಂದು ಈ ಎಂಜಿನ್ ಬೇಕಂತಲೇ ಚೂರು ಎಣ್ಣೆ ಸುಡುತ್ತದೆ, ಅದು ಇಲ್ಲಿಂದಲೇ ಇಳಿಯಬೇಕು. ಯಾರೋ ಮೂತಿ ಮುಚ್ಚಿಬಿಟ್ಟಿದ್ದರೆ ಪೆಟ್ರೋಲಿಗೆ ಲೀಟರಿಗೆ ಸುಮಾರು 8 ಮಿಲಿ ಟೂ-ಸ್ಟ್ರೋಕ್ ಎಣ್ಣೆ ಬೆರೆಸುವುದೇ ಗತಿ.

ಕೈಗೆ ತೆಗೆದುಕೊಂಡ ತಕ್ಷಣ ಥ್ರಾಟಲ್ ಶಾಫ್ಟಿನ (ಗಾಳಿಯ ಬಾಯಿ ತೆರೆದು ಮುಚ್ಚುವ ತಟ್ಟೆಗಳ ಸಲಾಕೆ) ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಟಕ್ ಟಕ್ ಅಂದರೆ ಅಲ್ಲೇ ಇಟ್ಟು ಬನ್ನಿ. ಗ್ಯಾಸ್ಕೆಟ್, ಬೌಲಿಗೆ ಬರುವ ಪೆಟ್ರೋಲ್ ತಡೆಯುವ ನೀಡಲ್ ವಾಲ್ವ್, ಪಂಪ್ ಡಯಾಫ್ರಾಮ್ ಎಲ್ಲ ಕಿಟ್‌ನಲ್ಲಿ ಬರುತ್ತವೆ, ಸವೆದ ಶಾಫ್ಟಿನ ತೂತಿಗೆ ಲೇತ್ ಕೆಲಸವೇ ಬೇಕು. ಇನ್ನೊಂದು ಪರೀಕ್ಷೆ: ಪ್ರೈಮರಿ ಪೂರ್ತಿ ತೆರೆದು ಸೆಕೆಂಡರಿ ಲಿವರನ್ನು ಕೈಯಿಂದ ತೆರೆಯಿರಿ, ವ್ಯಾಕ್ಯೂಮ್ ತೂತಿಗೆ ಬೆರಳು ಒತ್ತಿ ಲಿವರ್ ಬಿಡಿ. ನಿಂತರೆ ಡಯಾಫ್ರಾಮ್ ಚೆನ್ನಾಗಿದೆ. ಸುಯ್ಯೆಂದು ಮುಚ್ಚಿಕೊಂಡರೆ ಹರಿದಿದೆ. ಗಾಡಿ ಹೆಚ್ಚಿನ ಆರ್‌ಪಿಎಂನಲ್ಲಿ ಉಸಿರು ಕಟ್ಟಿದಂತೆ ನಿಲ್ಲುವುದಕ್ಕೆ ಹಲವು ಸಲ ಇದೇ ಕಾರಣ, ಜನ ಮಾತ್ರ ಜೆಟ್ (ಪೆಟ್ರೋಲ್ ಅಳೆದು ಬಿಡುವ ತೂತಿನ ತಿರುಪು) ಬದಲಿಸುತ್ತಾ ಕೂರುತ್ತಾರೆ. ಜೆಟ್ಟನ್ನು ಭೂತಗನ್ನಡಿಯಲ್ಲಿ ನೋಡಿ: ಕಂಪನಿಯ ತೂತಿನ ಒಳಮೈ ನುಣುಪು, ಯಾರೋ ಡ್ರಿಲ್ ಬಿಟ್ಟಿದ್ದರೆ ಸುರುಳಿ ಗೀರು ಕಾಣುತ್ತದೆ. ಬೌಲಿನ ತಳದಲ್ಲಿ ಬಿಳಿ ಪುಡಿ ಇದ್ದರೆ ನೀರು ಕೂತ ಗುರುತು. ತೆಳುವಾದ ಪದರವಾದರೆ ಕ್ಲೀನರಿನಲ್ಲಿ ಹೋಗುತ್ತದೆ, ಕುಳಿ ಬಿದ್ದಿದ್ದರೆ ಬೇಡ. ಕೆಳಮುಖದ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು ಬೆಳಕು ನುಸುಳುತ್ತದೆಯೇ ನೋಡುವುದನ್ನು ಮರೆಯಬೇಡಿ, ನುಸುಳಿದರೆ ಬಾಗಿದೆ.

ಕೂರಿಸಿದ ಮೇಲೆ ಐಡ್ಲಿಂಗ್‌ನಲ್ಲಿ ಎಂಜಿನ್ ಆರಿಹೋಗುತ್ತಿದ್ದರೆ ಮೊದಲು ಐಡಲ್ ಸೊಲೆನಾಯ್ಡ್ (ಕರೆಂಟಿನಿಂದ ತೆರೆಯುವ ವಾಲ್ವ್) ನೋಡಿ. 12 ವೋಲ್ಟ್ ಕೊಟ್ಟಾಗ ಕ್ಲಿಕ್ ಎನ್ನಬೇಕು, ಇಲ್ಲದಿದ್ದರೆ ಐಡಲ್ ಪೆಟ್ರೋಲೇ ಬರುವುದಿಲ್ಲ. ಕ್ಲಿಕ್ ಎಂದರೂ ಕೆಮ್ಮುತ್ತಿದ್ದರೆ ಗಾಳಿ ಸೋರುತ್ತಿದೆ. ಶಾಫ್ಟಿನ ತುದಿಗೆ, ಬುಡದ ಗ್ಯಾಸ್ಕೆಟ್ಟಿಗೆ ಕ್ಲೀನರ್ ಸಿಂಪಡಿಸಿ. ಎಲ್ಲಿ ಆರ್‌ಪಿಎಂ ಬದಲಾಗುತ್ತದೋ ಅಲ್ಲೇ ತೂತು. ಸುತ್ತಲಿನ ವ್ಯಾಕ್ಯೂಮ್ ಪೈಪುಗಳ ಗೋಜಲನ್ನು ಈ ಕಾರಿನವರು ಕರೆಯುವುದೇ ಇಲಿಗೂಡು ಎಂದು, ಒಣಗಿದ ಪೈಪ್ ಅಲ್ಲೂ ಸಿಕ್ಕೀತು.

ಕಿಂಡಿಯಲ್ಲಿ ಪೆಟ್ರೋಲ್ ನಡುವಿನ ಗುರುತಿಗೆ ನಿಲ್ಲಬೇಕು. ಮೇಲೇರುತ್ತಿದ್ದರೆ ಫ್ಲೋಟ್ ಬಗ್ಗಿಸುವ ಮುಂಚೆ ಪಂಪಿನ ಒತ್ತಡ ಅಳೆಯಿರಿ. ಇದಕ್ಕೆ ಸುಮಾರು 3 ಪಿಎಸ್‌ಐ ಸಾಕು. ಇಂಜೆಕ್ಷನ್ ಗಾಡಿಯ ಪಂಪ್ ಹಾಕಿದ್ದರೆ ಯಾವ ನೀಡಲ್ ವಾಲ್ವೂ ತಡೆಯುವುದಿಲ್ಲ. ಪಿಸ್ಟನ್ ಎಂಜಿನ್ನಿಗೂ ಓವರ್‌ಫ್ಲೋ ಒಳ್ಳೆಯದಲ್ಲ, ರೋಟರಿಗೆ ಇನ್ನೂ ಕೆಟ್ಟದ್ದು. ಇಲ್ಲಿ ಪೆಟ್ರೋಲ್ ಸೀಲಿನ ಎಣ್ಣೆಯನ್ನು ತೊಳೆದುಹಾಕುತ್ತದೆ, ಕಂಪ್ರೆಷನ್ ಬೀಳುತ್ತದೆ, ಎಷ್ಟು ಸೆಲ್ಫ್ ಹೊಡೆದರೂ ಎಂಜಿನ್ ಏಳುವುದಿಲ್ಲ. ಆಗ ಪಂಪಿನ ಫ್ಯೂಸ್ ಕಿತ್ತು, ಇಗ್ನಿಷನ್ ಕಾಯಿಲಿನ ವಯರ್ ಬಿಡಿಸಿ, ನಾಲ್ಕೂ ಪ್ಲಗ್ ಬಿಚ್ಚಿ, ಸೆಲ್ಫ್ ಹೊಡೆದು ಒಳಗಿನ ಪೆಟ್ರೋಲ್ ಹೊರಹಾಕಿ. ಒಂದೊಂದು ರೋಟರಿಗೂ ಪ್ಲಗ್ ತೂತಿನಿಂದ ನಾಲ್ಕೈದು ಮಿಲಿ ಎಂಜಿನ್ ಆಯಿಲ್ ಬಿಟ್ಟು, ಕೈಯಿಂದ ಎರಡು ಸುತ್ತು ತಿರುಗಿಸಿ, ಒಣ ಪ್ಲಗ್ ಹಾಕಿ. ಫ್ಯೂಸ್ ವಾಪಸ್ ಹಾಕಿದ ಮೇಲೆ ಕೀಯನ್ನು ಆನ್‌ವರೆಗೆ ಮಾತ್ರ ತಿರುಗಿಸಿ ಕಿಂಡಿ ನೋಡಿ, ಮಟ್ಟ ಮತ್ತೆ ಏರುತ್ತಿದ್ದರೆ ಆಫ್ ಮಾಡಿ, ಸೆಲ್ಫ್ ಹೊಡೆಯಲೇಬೇಡಿ.