ಚಿಪ್ಪೋ, ಕೆಪಾಸಿಟರೋ, ಡ್ಯಾಕೋ?

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಒಂದು ಕ್ಯಾಸೆಟ್ ಅಂಗಡಿ ಮುಚ್ಚುವಾಗ ಒಂದೇ ಮಾಡೆಲ್ಲಿನ ಎರಡು ಅಗ್ಗದ ಸಿಡಿ ಪ್ಲೇಯರ್ ಸಿಕ್ಕವು. ಎರಡಕ್ಕೂ ಸೇರಿ 900 ರೂಪಾಯಿ. ಒಂದನ್ನು ಬಿಚ್ಚಿ ಧ್ವನಿ ಸುಧಾರಿಸುವಂತೆ ತಿದ್ದುವುದು, ಇನ್ನೊಂದನ್ನು ಹಾಗೇ ಇಟ್ಟು ಹೋಲಿಸುವುದು ಅಂದುಕೊಂಡೆ. ಒಂದೇ ಇದ್ದಿದ್ದರೆ, ಇಡೀ ಸಂಜೆ ಕೂತು ಸೋಲ್ಡರ್ ಮಾಡಿದ ಮೇಲೆ ಧ್ವನಿ ಚೆನ್ನಾಗಿಯೇ ಕೇಳಿಸುತ್ತದೆ, ಅಲ್ವಾ?

ಪರೀಕ್ಷೆಗೆ ತೀರ್ಥಹಳ್ಳಿ ಕಡೆಯ ನಮ್ಮೂರಿನ ಯಕ್ಷಗಾನದ ಒಂದು ರೆಕಾರ್ಡಿಂಗ್. ಚಂಡೆ, ಮದ್ದಳೆ, ತಾಳ ಮೂರೂ ಇರುವುದರಿಂದ ಯಂತ್ರದ ಬಣ್ಣ ಬೇಗ ಬಯಲಾಗುತ್ತದೆ.

ಎಲ್ಲರೂ ಹೇಳುವಂತೆ ಮೊದಲು ಆಪ್-ಆಂಪ್ (ಧ್ವನಿಯ ಸಂಕೇತವನ್ನು ಹಿಗ್ಗಿಸಿ ಹೊರಗೆ ಕಳಿಸುವ ಚಿಪ್ಪು) ಬದಲಿಸಿದೆ. ಒಳಗಿದ್ದದ್ದು 4558 ಎಂಬ ಅಗ್ಗದ ಚಿಪ್ಪು. ಅದನ್ನು ಕಿತ್ತು ಎಂಟು ಕಾಲಿನ ಸಾಕೆಟ್ ಕೂರಿಸಿ ಎನ್‌ಇ5532 ಹಾಕಿದೆ. ತಾಳ ಸ್ವಚ್ಛವಾಗಿ ಕೇಳಿಸಿತು. ಮದ್ದಳೆ ಮಾತ್ರ ಖಾಲಿ ಡಬ್ಬ ಬಡಿದಂತೆ! "ಇದು ಚಿಪ್ಪಿನ ಗುಣ" ಅಂದುಕೊಂಡು ದುಬಾರಿ ಒಪಿಎ2134 ತರಿಸಿದೆ. ಆಗಲೂ ಡಬ್ಬವೇ. ಕೊನೆಗೆ ಹಳೇ 4558 ವಾಪಸ್ ಸಿಕ್ಕಿಸಿದೆ. ಡಬ್ಬ ಹೋಗಲಿಲ್ಲ.

ಆಗ ಮೀಟರ್ ತೆಗೆದೆ. ಔಟ್‌ಪುಟ್ ದಾರಿಯಲ್ಲಿ ಎರಡು ಪುಟ್ಟ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ (ಡಿಸಿ ವಿದ್ಯುತ್ತನ್ನು ತಡೆದು ಧ್ವನಿಯನ್ನಷ್ಟೇ ದಾಟಿಸುವ ಬಿಡಿಭಾಗ), ಮೇಲೆ 10 ಮೈಕ್ರೋಫ್ಯಾರಡ್ ಅಂತ ಬರೆದಿದೆ. ಬಲಗಡೆಯದು 8.7 ತೋರಿಸಿತು. ಎಡಗಡೆಯದು 0.1! ಒಣಗಿ ಹೋಗಿತ್ತು. ನನ್ನ ಆಂಪ್ಲಿಫೈಯರ್‌ನ ಇನ್‌ಪುಟ್ 10 ಕಿಲೋ ಓಮ್. ಕೆಪಾಸಿಟರ್ ಸರಿ ಇದ್ದರೆ ಬಾಸ್ ಇಳಿಯುವುದು 1.6 ಹರ್ಟ್ಸ್ ಕೆಳಗೆ. 0.1 ಆದರೆ 160 ಹರ್ಟ್ಸ್‌ನಿಂದಲೇ ಸೋರತೊಡಗುತ್ತದೆ. ಮದ್ದಳೆಯ ಗುಂಗು ಎಲ್ಲಿಂದ ಬರಬೇಕು? ಹದಿನೈದು ರೂಪಾಯಿಯಲ್ಲಿ ಎರಡನ್ನೂ ಬದಲಿಸಿದೆ, ಜೊತೆಗೆ ಪವರ್ ಸಪ್ಲೈಯಲ್ಲಿ ಉಬ್ಬಿದ್ದ ಒಂದನ್ನೂ. ಮದ್ದಳೆ ಮನೆಗೆ ಬಂತು. (ಪ್ಲಗ್ ಕಿತ್ತೇ ಕೈ ಹಾಕಿ. ಪ್ಲಸ್ ಮೈನಸ್ ತಿರುಗಿಸಿದರೆ ಹೊಸದೂ ಉಬ್ಬುತ್ತದೆ.)

ಈಗ ಚಿಪ್ಪುಗಳಿಗೆ ನ್ಯಾಯವಾದ ಪಂದ್ಯ. ಒಂದು ಪ್ಲೇಯರ್‌ನಲ್ಲಿ 4558, ಇನ್ನೊಂದರಲ್ಲಿ 2134. 400 ಹರ್ಟ್ಸ್ ಟೋನ್ ಸಿಡಿಗೆ ಬರೆದು, ಎರಡರ ಔಟ್‌ಪುಟ್ಟನ್ನೂ ಮೀಟರ್ ನೋಡಿ ಸಮ ಮಾಡಿದೆ. ಅಗ್ಗದ ಮೀಟರಿಗೆ ಇದಕ್ಕಿಂತ ಮೇಲಿನ ಟೋನ್ ಕೊಟ್ಟರೆ ಸುಳ್ಳು ಹೇಳುತ್ತದೆ. ಅಣ್ಣನ ಮಗ ಹೇಳದೆ ವಯರ್ ಬದಲಿಸಿದ. ಹತ್ತು ಸಲದಲ್ಲಿ ಆರು ಸಲ ಸರಿ ಹೇಳಿದೆ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಆಗುತ್ತಿತ್ತು. ಲೆಕ್ಕವೂ ಅದನ್ನೇ ಹೇಳುತ್ತದೆ. ಸಿಡಿಯ 2 ವೋಲ್ಟ್ ಔಟ್‌ಪುಟ್ಟಿಗೆ 20 ಕಿಲೋಹರ್ಟ್ಸ್‌ನಲ್ಲೂ ಬೇಕಾದ ಸ್ಲ್ಯೂ ರೇಟ್ (ಚಿಪ್ಪಿನ ವೋಲ್ಟೇಜ್ ಏರಿಳಿಯಬಲ್ಲ ವೇಗ) ಮೈಕ್ರೋಸೆಕೆಂಡಿಗೆ 0.36 ವೋಲ್ಟ್. 4558ರದು ಸುಮಾರು 1, 2134ರದು 20. ಸೈಕಲ್ ದಾರಿಯಲ್ಲಿ ಲಾರಿ ಓಡಿಸಿದ ಹಾಗೆ.

ಇನ್ನು ಹೊರಗಿನ ಡ್ಯಾಕ್, ಅಂದರೆ ಸಿಡಿಯ ಡಿಜಿಟಲ್ ಅಂಕಿಗಳನ್ನು ಧ್ವನಿಯ ಸಂಕೇತವಾಗಿ ಬದಲಿಸುವ ಪೆಟ್ಟಿಗೆ. ಪ್ಲೇಯರ್ ಹಿಂಬದಿಯ ಕೋಆಕ್ಸಿಯಲ್ (ಡಿಜಿಟಲ್) ಜ್ಯಾಕಿಗೆ 1,800 ರೂಪಾಯಿಯದೊಂದನ್ನು ಸಿಕ್ಕಿಸಿದೆ. ಮೊದಲ ಸಲಕ್ಕೆ ಮೈ ಜುಂ ಅಂದಿತು. ಅಳೆದರೆ ಡ್ಯಾಕ್ 2.1 ವೋಲ್ಟ್ ಕೊಡುತ್ತಿದೆ, ಪ್ಲೇಯರ್ 1.7. ಜೋರಾಗಿದ್ದದ್ದೇ ಚೆನ್ನಾಗಿ ಕೇಳಿಸಿತ್ತು, ಅಷ್ಟೇ. ಸಮ ಮಾಡಿದ ಮೇಲೆ ಉಳಿದ ವ್ಯತ್ಯಾಸ ಒಂದೇ: ಹೆಡ್‌ಫೋನಿನಲ್ಲಿ, ಪದ್ಯದ ನಡುವಿನ ಮೌನದಲ್ಲಿ ಕೇಳುತ್ತಿದ್ದ ಮೋಟಾರಿನ ಸಣ್ಣ ಗುಯ್ ಶಬ್ದ ಹೋಗಿದೆ. ರಾತ್ರಿ ಹೆಡ್‌ಫೋನ್ ಹಾಕುವವರಿಗೆ ಅದು ಬೆಲೆ ಬಾಳುತ್ತದೆ. ಸ್ಪೀಕರ್‌ನಲ್ಲಿ, ಹೆಂಚಿನ ಮೇಲೆ ಮಳೆ ಸುರಿಯುವಾಗ, ಸುಮ್ನೆ ದುಡ್ಡು ದಂಡ.

ನಾನು ಉಳಿಸಿಕೊಂಡದ್ದು ಕೆಪಾಸಿಟರ್ ಬದಲಿಸಿದ, 4558 ಇರುವ ಪ್ಲೇಯರ್. ಡ್ಯಾಕ್ ಅಣ್ಣನ ಮಗನ ಪಾಲಾಯಿತು. ಆಷಾಢದಲ್ಲಿ ಡಿಸ್ಕ್ ನಡುನಡುವೆ ಹಾಡು ಹಾರಿಸತೊಡಗಿತು. ಲೆನ್ಸ್ ಮೇಲೆ ತೆಳ್ಳಗೆ ಬೂಷ್ಟು. ಹತ್ತಿ ಕಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿ ಮೆಲ್ಲಗೆ ಒರೆಸಿದೆ. ಮಲೆನಾಡಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದ ಮಾಡಿಫಿಕೇಶನ್ ಅದೇ ಇರಬೇಕು.